ಎಐ ಬಂತು ಸರಿ, ಅದಕ್ಕೆ ಓದೋಕೆ ಏನಿದೆ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಆನ್‌ಲೈನ್ ಕಲಿಕೆ ಬಗ್ಗೆ ಏನೇ ಡೌಟ್ ಇದ್ರೂ ಕಳಿಸಿ ಅಂತ ಕಳೆದ ಸಂಚಿಕೇಲಿ ಕೇಳಿದ್ವಿ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಐ ಮೇಲಿನ ದೂರುಗಳೇ. ಅದರಲ್ಲಿ ಆರು ಇಲ್ಲಿವೆ.

ಪ್ರಶ್ನೆ: ಸರ್, ನಾನು ಒಂದು ಕಂಪನೀಲಿ ಟ್ರೈನಿಂಗ್ ನೋಡ್ಕೋತೀನಿ. ನಮ್ಮ ಎಲ್‌ಎಂಎಸ್‌ಗೆ (ಆನ್‌ಲೈನ್ ಕೋರ್ಸ್ ನಡೆಸೋ ಸಾಫ್ಟ್‌ವೇರ್) ಈಚೆಗೆ ಎಐ ಸೇರಿಸಿದ್ರು, ಯಾರಿಗೆ ಯಾವ ಕೋರ್ಸ್ ಬೇಕೋ ಅದೇ ನೋಡಿ ಹೇಳುತ್ತೆ ಅಂದ್ರು. ಆದ್ರೆ ನಿನ್ನೆ ಸೇರಿದ ಹುಡುಗನಿಗೂ ಹತ್ತು ವರ್ಷ ಸರ್ವಿಸ್ ಆದವರಿಗೂ ಒಂದೇ ಲಿಸ್ಟ್ ಬರ್ತಿದೆ. ಎಐ ಸರಿ ಇಲ್ವಾ, ನಾವು ಸರಿ ಇಲ್ವಾ?

ಉತ್ತರ: ಎರಡೂ ಅಲ್ಲ ಅನ್ಸುತ್ತೆ, ನಡುವೆ ಇರೋ, ಯಾರು ಏನು ಕಲಿತ್ರು ಅನ್ನೋ ರೆಕಾರ್ಡ್ ಬಡವಾಗಿದೆ. ನಿಮ್ಮ ಕೋರ್ಸ್ ಫೈಲುಗಳು ಯಾವ ಫಾರ್ಮ್ಯಾಟ್‌ನಲ್ಲಿವೆ ಅಂತ ಒಂದ್ಸಲ ನೋಡಿ, ಬಹುಶಃ ಸ್ಕಾರ್ಮ್ 1.2 ಅಂತ ಇರುತ್ತೆ. ಇದು ಆನ್‌ಲೈನ್ ಕೋರ್ಸುಗಳಿಗೆ ಇರೋ ಒಂದು ಸ್ಟ್ಯಾಂಡರ್ಡ್, ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಅನ್ನೋ ಯೋಜನೆ 2001ರಲ್ಲಿ ಹೊರತಂದಿದ್ದು. ಆಗ ಇದ್ದ ತಲೆನೋವೇ ಬೇರೆ, ಒಂದು ಸಿಸ್ಟಂಗೆ ಅಂತ ಮಾಡಿದ ಕೋರ್ಸು ಇನ್ನೊಂದರಲ್ಲಿ ಓಡ್ತಾನೇ ಇರ್ಲಿಲ್ಲ, ಅದೇ ಪಾಠನ ಮತ್ತೆ ಮತ್ತೆ ದುಡ್ಡು ಕೊಟ್ಟು ಮಾಡಿಸ್ಬೇಕಿತ್ತು. ಹಾಗಾಗಿ ಕೋರ್ಸನ್ನ ಒಂದು ಜಿಪ್ ಫೈಲಲ್ಲಿ ಕಟ್ಟಿ, ಒಳಗೆ ಏನೇನಿದೆ ಅನ್ನೋ ಪಟ್ಟಿನೂ ಒಂದು ಇಟ್ಟು, ಕೋರ್ಸೂ ಎಲ್‌ಎಂಎಸ್ಸೂ ಹೇಗೆ ಮಾತಾಡ್ಬೇಕು ಅಂತ ನಿಯಮ ಹಾಕಿದ್ರು. ಆ ಕೆಲಸ ಅದು ಇವತ್ತಿಗೂ ಚೆನ್ನಾಗೇ ಮಾಡುತ್ತೆ.

ಆದ್ರೆ ಮಾತಾಡೋದು ಎಷ್ಟು ಅಂತೀರಾ? ಮುಗಿಸಿದ್ರಾ ಇಲ್ವಾ, ಎಷ್ಟು ಮಾರ್ಕ್ಸ್, ಎಷ್ಟು ಹೊತ್ತು ಕೂತಿದ್ರು, ಎಲ್ಲಿಗೆ ನಿಲ್ಲಿಸಿದ್ರು, ಹೆಚ್ಚುಕಮ್ಮಿ ಇಷ್ಟೇ. ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ರು ಅನ್ನೋದನ್ನ ಕಳಿಸೋ ಜಾಗ 1.2ರಲ್ಲೂ ಇದೆ, ಆದ್ರೆ ಅದು ಕಡ್ಡಾಯ ಅಲ್ಲ, ಹಾಗಾಗಿ ಎಷ್ಟೋ ಸಿಸ್ಟಂಗಳು ಅದನ್ನ ಇಟ್ಕೊಳ್ಳೋದೇ ಇಲ್ಲ. ಈಗ ಎಐ ಕಣ್ಣಿಂದ ನೋಡಿ: ಹೊಸ ಹುಡುಗ, ಕಂಪ್ಲೀಟೆಡ್, 80. ಹತ್ತು ವರ್ಷದವರು, ಕಂಪ್ಲೀಟೆಡ್, 80. ಇಬ್ಬರಿಗೂ ಬೇರೆ ಬೇರೆ ದಾರಿ ತೋರಿಸು ಅಂದ್ರೆ ಅದು ತಾನೇ ಏನ್ ಮಾಡುತ್ತೆ ಪಾಪ, ಎಲ್ಲರೂ ಏನು ನೋಡ್ತಾರೋ ಅದನ್ನೇ ಮುಂದೆ ಇಡುತ್ತೆ.

ಇದಕ್ಕೇ ಅಂತ 2013ರಲ್ಲಿ ಎಕ್ಸ್‌ಎಪಿಐ ಅನ್ನೋ, ಕಲಿಕೆಯ ಲೆಕ್ಕ ಬರೆಯೋ ಹೊಸ ಪದ್ಧತಿ ಬಂತು, 2023ರಲ್ಲಿ ಅದು ಐಟ್ರಿಪಲ್‌ಇ ಅನ್ನೋ ಎಂಜಿನಿಯರ್‌ಗಳ ಸಂಸ್ಥೆಯ ಸ್ಟ್ಯಾಂಡರ್ಡೂ ಆಯ್ತು. ಇದರ ಲೆಕ್ಕ ವಾಕ್ಯದ ಥರ ಇರುತ್ತೆ, ಯಾರು, ಏನು ಮಾಡಿದ್ರು, ಯಾವುದನ್ನ. "ಇಂಥವರು, ಉತ್ತರಿಸಿದರು, ಪಂಪ್ ಸೇಫ್ಟಿ ಪ್ರಶ್ನೆ 7" ಅಂತ. ಅದರ ಜೊತೆಗೇ ಆಯ್ಕೆ ಮಾಡಿದ್ದು ಬಿ, ತಪ್ಪು, ತಗೊಂಡಿದ್ದು 4 ಸೆಕೆಂಡು ಅಂತ ಸೇರಿಸ್ಬಹುದು. ಆ 4 ಸೆಕೆಂಡ್ ನೋಡಿದ್ರೇನೇ ಗೊತ್ತಾಗುತ್ತೆ, ಅವರು ಪ್ರಶ್ನೆ ಓದೇ ಇಲ್ಲ. ಇಂಥ ಸಾಲುಗಳೆಲ್ಲ ಎಲ್‌ಆರ್‌ಎಸ್ ಅನ್ನೋ ಉಗ್ರಾಣಕ್ಕೆ ಹೋಗಿ ಸೇರುತ್ವೆ, ಎಲ್‌ಎಂಎಸ್ ಹೊರಗೆ ನಡೆಯೋ ಕಲಿಕೆ, ಸಿಮ್ಯುಲೇಟರ್, ಮೊಬೈಲ್ ಆ್ಯಪ್, ಕೆಲಸದ ಜಾಗದಲ್ಲಿ ಸೂಪರ್‌ವೈಸರ್ ಟಿಕ್ ಮಾಡಿದ ಚೆಕ್‌ಲಿಸ್ಟು, ಎಲ್ಲದರ ಲೆಕ್ಕನೂ ಅಲ್ಲಿಗೇ ಕಳಿಸ್ಬಹುದು.

ಇಲ್ಲೂ ಒಂದು ಹಳ್ಳ ಇದೆ, ನಾನು ಬಿದ್ದಿದೀನಿ. ಎಕ್ಸ್‌ಎಪಿಐ ತುಂಬಾ ಸ್ವಾತಂತ್ರ್ಯ ಕೊಡುತ್ತೆ, ಯಾವ ಕ್ರಿಯಾಪದ ಬೇಕಾದ್ರೂ ಬಳಸಿ ಅನ್ನುತ್ತೆ. ನಾವು ಒಂದು ಪ್ರಾಜೆಕ್ಟಲ್ಲಿ ವಿಡಿಯೋ ಪೂರ್ತಿ ನೋಡಿದ್ದಕ್ಕೆ "ಮುಗಿಸಿದರು" ಅಂತ ಹಾಕಿದ್ವಿ, ಇನ್ನೊಂದು ಟೀಮು ವಿಡಿಯೋ ಓಪನ್ ಮಾಡಿ ಕ್ಲೋಸ್ ಮಾಡಿದ್ರೂ "ಮುಗಿಸಿದರು" ಅಂತಾನೇ ಕಳಿಸ್ತಿತ್ತು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಮೂರು ತಿಂಗಳ ಡೇಟಾ ಹಾಗೇ ಹೋಯ್ತು. ಅದಕ್ಕೇ 2016ರಲ್ಲಿ ಸಿಎಂಐ5 ಅಂತ ಎಕ್ಸ್‌ಎಪಿಐ ಬಳಸೋಕೆ ನಿಯಮಗಳನ್ನ ಮಾಡಿದ್ದು, ಎಲ್‌ಎಂಎಸ್‌ನಿಂದ ಶುರುವಾಗೋ ಕೋರ್ಸಿಗೆ ಒಂಬತ್ತು ಮುಖ್ಯ ಕ್ರಿಯಾಪದ, ಒಂದೊಂದಕ್ಕೂ ಅರ್ಥ ಫಿಕ್ಸು. ನಿಮ್ಮ ವೆಂಡರ್ ಹತ್ರ ಎಐ ಬಗ್ಗೆ ಕೇಳೋಕೆ ಮುಂಚೆ ಪ್ರಶ್ನೆವಾರು ಡೇಟಾ ಎಲ್ಲಿ ಸೇವ್ ಆಗ್ತಿದೆ ತೋರಿಸಿ ಅಂತ ಕೇಳಿ. ತೋರಿಸೋಕಾಗ್ಲಿಲ್ಲ ಅಂದ್ರೆ ನೀವು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದೀರಿ ಅಂತಾನೇ ಲೆಕ್ಕ.

ಪ್ರಶ್ನೆ: ದೊಡ್ಡ ಕೋರ್ಸ್ ಒಂದನ್ನ ಮುಕ್ಕಾಲು ಭಾಗ ಮುಗಿಸಿದ್ದೆ, ಮಾರನೇ ದಿನ ಓಪನ್ ಮಾಡಿದ್ರೆ ಎಲ್ಲೋ ಹಿಂದಕ್ಕೆ ಹೋಗಿ ನಿಂತಿದೆ. ಎರಡು ಸಲ ಹೀಗಾಯ್ತು. ಸಪೋರ್ಟ್‌ನಲ್ಲಿರೋ ಚಾಟ್‌ಬಾಟ್ ಕೇಳಿದ್ರೆ ಬ್ರೌಸರ್‌ನ ಕ್ಯಾಶ್ (ಅದು ತಾತ್ಕಾಲಿಕವಾಗಿ ಇಟ್ಕೊಂಡಿರೋ ಫೈಲುಗಳು) ಕ್ಲಿಯರ್ ಮಾಡಿ ಅನ್ನುತ್ತೆ, ಮಾಡಿ ಮಾಡಿ ಸಾಕಾಯ್ತು.

ಉತ್ತರ: ಕ್ಯಾಶ್ ಪಾಡಿಗೆ ಕ್ಯಾಶ್ ಇರ್ಲಿ ಬಿಡಿ. ನೀವು ಎಲ್ಲೆಲ್ಲಿ ಓಡಾಡಿದ್ರಿ, ಏನೇನು ಉತ್ತರ ಕೊಟ್ರಿ ಅನ್ನೋದನ್ನ ಕೋರ್ಸು ಒಂದೇ ಒಂದು ಉದ್ದನೆಯ ಸಾಲು ಮಾಡಿ ಎಲ್‌ಎಂಎಸ್‌ಗೆ ಕೊಟ್ಟು ಇಟ್ಕೋ ಅನ್ನುತ್ತೆ. ಸ್ಕಾರ್ಮ್ 1.2ರಲ್ಲಿ ಆ ಸಾಲಿಗೆ 4096 ಅಕ್ಷರದ ಮಿತಿ ಇದೆ. ಚಿಕ್ಕ ಕೋರ್ಸಿಗೆ ಧಾರಾಳ, ನೂರಾರು ಸ್ಲೈಡು, ಡ್ರ್ಯಾಗ್ ಆ್ಯಂಡ್ ಡ್ರಾಪ್ ಎಲ್ಲಾ ತುಂಬಿದ್ರೆ ಸಾಲು ಅದನ್ನ ಮೀರುತ್ತೆ, ಮೀರಿದಾಗ ಕೆಲವು ಸಿಸ್ಟಂ ಬಾಲ ಕತ್ತರಿಸುತ್ತೆ, ಕೆಲವು ಸೇವ್ ಮಾಡೋದೇ ಇಲ್ಲ, ಕೊನೇ ಸಲ ಸರಿಯಾಗಿ ಸೇವ್ ಆಗಿದ್ದ ಜಾಗಕ್ಕೆ ನಿಮ್ಮನ್ನ ತಂದು ನಿಲ್ಲಿಸುತ್ತೆ. ಅರ್ಧ ದಾರಿ ಆದ್ಮೇಲೇ ಹೀಗಾಗೋದು ಇದರ ಗುರುತು. ಸ್ಕಾರ್ಮ್ 2004 ಅನ್ನೋ ಮುಂದಿನ ವರ್ಶನ್ನಿನ ಮೂರನೇ ಆವೃತ್ತಿಯಿಂದ ಈ ಮಿತಿ 64000 ಆಯ್ತು. ಕೋರ್ಸ್ ಮಾಡಿದವರಿಗೆ ಹೇಳಿ, ಆ ಫಾರ್ಮ್ಯಾಟಿಗೆ ಪಬ್ಲಿಶ್ ಮಾಡ್ಲಿ, ಇಲ್ಲಾ ಕೋರ್ಸನ್ನ ನಾಲ್ಕು ತುಂಡು ಮಾಡ್ಲಿ. ಚಾಟ್‌ಬಾಟ್‌ಗೆ ಇದು ಗೊತ್ತಿರಲ್ಲ, ಅದಕ್ಕೆ ಕೊಟ್ಟಿರೋ ಹೆಲ್ಪ್ ಪೇಜುಗಳಲ್ಲಿ ಬರೆದಿದ್ರೆ ತಾನೇ ಹೇಳೋದು.

ಪ್ರಶ್ನೆ: ನನ್ನ ಮಗಳು ಒಂದು ಗಣಿತದ ಆ್ಯಪ್‌ನಲ್ಲಿ ಅಭ್ಯಾಸ ಮಾಡ್ತಾಳೆ. ಅಂದಾಜಲ್ಲಿ ಒತ್ತುತ್ತಾಳೆ ಅಂತ ಪಕ್ಕದಲ್ಲೇ ಕೂತಿರೋ ನನಗೆ ಕಾಣ್ತಿದೆ, ಆದ್ರೂ ಆ್ಯಪ್ ಈ ಪಾಠ ಪಕ್ಕಾ ಆಯ್ತು ಅಂತ ಸ್ಟಾರ್ ಕೊಟ್ಟು ಮುಂದಕ್ಕೆ ಕಳಿಸುತ್ತೆ. ಅದು ಹೇಗೆ ತೀರ್ಮಾನ ಮಾಡುತ್ತೆ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್ ಅಮ್ಮ, ನಂಗೆ ತುಂಬಾ ಇಷ್ಟದ ವಿಷಯ. ಇಂಥ ಆ್ಯಪ್‌ಗಳಲ್ಲಿ ಬಳಕೇಲಿರೋ ಒಂದು ಹಳೇ ಲೆಕ್ಕ ಇದೆ, ಬೇಸಿಯನ್ ನಾಲೆಜ್ ಟ್ರೇಸಿಂಗ್ ಅಂತ, ಕಾರ್ಬೆಟ್ ಮತ್ತು ಆ್ಯಂಡರ್ಸನ್ ಅನ್ನೋ ಸಂಶೋಧಕರು 1990ರ ದಶಕದಲ್ಲಿ ಕೊಟ್ಟಿದ್ದು. ಅದರಲ್ಲಿ ನಾಲ್ಕೇ ಅಂದಾಜು: ಮೊದಲೇ ಗೊತ್ತಿರೋ ಸಾಧ್ಯತೆ, ಒಂದೊಂದು ಲೆಕ್ಕ ಮಾಡಿದಾಗಲೂ ಕಲಿಯೋ ಸಾಧ್ಯತೆ, ಗೊತ್ತಿಲ್ದೇ ಗುರಿ ತಾಗೋ ಸಾಧ್ಯತೆ, ಗೊತ್ತಿದ್ದೂ ಕೈ ತಪ್ಪೋ ಸಾಧ್ಯತೆ.

ಒಂದು ಲೆಕ್ಕ ಹಾಕೋಣ. ಮಗುವಿಗೆ ಇದು ಗೊತ್ತಿರೋ ಸಾಧ್ಯತೆ 40% ಅಂತ ಆ್ಯಪ್ ಶುರು ಮಾಡ್ತು ಅನ್ಕೊಳ್ಳಿ. ನಾಲ್ಕು ಆಯ್ಕೆ ಇರೋದ್ರಿಂದ ಅಂದಾಜಲ್ಲಿ ಸರಿಯಾಗೋದು 25%, ಕೈ ತಪ್ಪೋದು 10%. ಕಲಿಯೋದನ್ನ ಸದ್ಯ ಬದಿಗಿಡಿ. ಮೊದಲ ಉತ್ತರ ಸರಿ ಆದ್ರೆ 40 ಹೋಗಿ ಸುಮಾರು 71 ಆಗುತ್ತೆ. ಎರಡನೇದೂ ಸರಿ ಆದ್ರೆ ಹತ್ರ ಹತ್ರ 90. ಮೂರನೇದೂ ಸರಿ ಅಂದ್ರೆ 97. ಸಾಮಾನ್ಯವಾಗಿ 95 ದಾಟಿದ್ರೆ ಪಕ್ಕಾ ಅಂತ ಇಟ್ಟಿರ್ತಾರೆ, ಸ್ಟಾರ್ ಬಂತು! ಬರೀ ಅಂದಾಜಲ್ಲಿ ಸತತ ಮೂರು ಸರಿ ಆಗೋದು 64ರಲ್ಲಿ ಒಂದು ಸಲ, ಅಪರೂಪ ನಿಜ, ಆದ್ರೆ ಮಕ್ಕಳು ಒತ್ತೋ ಸ್ಪೀಡು ನೀವೇ ನೋಡಿದೀರಲ್ಲ. ಹಾಗಂತ ಲೆಕ್ಕ ಪೂರ್ತಿ ಉದಾರಿ ಏನಲ್ಲ, ಮೊದಲ ಉತ್ತರಾನೇ ತಪ್ಪಾದ್ರೆ 40 ಇದ್ದಿದ್ದು 8ಕ್ಕೆ ಬೀಳುತ್ತೆ.

ಹಾಗಾದ್ರೆ ನಿಮ್ಮನೇಲಿ ಯಾಕೆ ಹೀಗೆ? ನನ್ನ ಗುಮಾನಿ ಬೇರೆ ಕಡೆ. ಅವಳು ಎ ಒತ್ತಿ, ತಪ್ಪು ಅಂದ್ರೆ ಬಿ ಒತ್ತಿ, ಆಮೇಲೆ ಸಿ ಒತ್ತಿ ಕೊನೆಗೆ ಹಸಿರು ಬಂದ ಮೇಲೆ, ಆ್ಯಪ್ ಬರೀ ಕೊನೇದನ್ನ "ಸರಿ" ಅಂತ ಬರ್ಕೊಳ್ತಿರ್ಬಹುದು. ಮೊದಲ ಪ್ರಯತ್ನ ಯಾವುದು, ಹಿಂಟ್ ನೋಡಿದ್ಲಾ ಅನ್ನೋದು ದಾಖಲೆ ಆಗ್ದಿದ್ರೆ ಮೇಲಿನ ಲೆಕ್ಕ ಎಷ್ಟೇ ಚೆನ್ನಾಗಿದ್ರೂ ಪ್ರಯೋಜನ ಇಲ್ಲ. ಬೇಕಂತಾನೇ ತಪ್ಪು ಒತ್ತಿ, ಆಮೇಲೆ ಸರಿ ಒತ್ತಿ, ಹೀಗೆ ಐದಾರು ಪ್ರಶ್ನೆ ಮಾಡಿ ನೋಡಿ. ಆಗ್ಲೂ ಸ್ಟಾರ್ ಬಂದ್ರೆ ಸ್ಟಾರ್ ನಂಬ್ಬೇಡಿ, ಆಯ್ಕೆಗಳಿಲ್ಲದೆ ಉತ್ತರನೇ ಟೈಪ್ ಮಾಡೋ ಥರ ಇದ್ರೆ ಅದನ್ನ ಆನ್ ಮಾಡಿ.

ಪ್ರಶ್ನೆ: ನಾನು ಲೆಕ್ಚರರ್. ಎಐ ಹತ್ರ ಹತ್ತು ನಿಮಿಷದಲ್ಲಿ ಇನ್ನೂರು ಆಬ್ಜೆಕ್ಟಿವ್ ಪ್ರಶ್ನೆ ಮಾಡಿಸಿದೆ. ಹಾಗೇ ಟೆಸ್ಟಿಗೆ ಹಾಕಿದ್ರೆ ತಪ್ಪಾ?

ಉತ್ತರ: ತಪ್ಪು ಮೇಡಂ, ಬೈಕೋಬೇಡಿ. ಮೊದಲು ಒಂದು ಸುಲಭದ ಆಟ ಆಡಿ, ಪಾಠನೇ ಗೊತ್ತಿಲ್ಲದ ಒಬ್ಬರನ್ನ ಕೂರಿಸಿ ಬರೀ ಎಲ್ಲಕ್ಕಿಂತ ಉದ್ದ ಇರೋ ಆಯ್ಕೆ ಟಿಕ್ ಮಾಡಿ ಅನ್ನಿ. ಎಐ ಮಾಡಿದ ಪ್ರಶ್ನೆಗಳಲ್ಲಿ ಸರಿ ಉತ್ತರನೇ ಸ್ವಲ್ಪ ಉದ್ದ, ಸ್ವಲ್ಪ ನೀಟಾಗಿ ಇರೋದು ನಾನು ಎಷ್ಟೋ ಸಲ ನೋಡಿದೀನಿ. ಆಮೇಲೆ ಇನ್ನೂರರಲ್ಲಿ ಐವತ್ತು ಆರಿಸಿ, ಮಾರ್ಕ್ಸ್ ಇಲ್ಲದ ಅಭ್ಯಾಸ ಟೆಸ್ಟಲ್ಲಿ ಹಾಕಿ ನೋಡಿ. ಒಟ್ಟಾರೆ ಚೆನ್ನಾಗಿ ಮಾಡಿದವರೇ ಒಂದು ಪ್ರಶ್ನೆಯನ್ನ ತಪ್ಪು ಮಾಡಿ, ಉಳಿದವರು ಸರಿ ಮಾಡಿದ್ರೆ, ಮೊದಲು ನಿಮ್ಮ ಕೀ ಉತ್ತರನೇ ತಪ್ಪಿದೆಯಾ ಅಂತ ನೋಡಿ. ಯಾರೂ ಮುಟ್ಟದ ಆಯ್ಕೆ ಇದ್ರೆ ಅದು ಲೆಕ್ಕಕ್ಕುಂಟು ಆಟಕ್ಕಿಲ್ಲ, ತೆಗೆದು ಬೇರೆ ಹಾಕಿ. ಮೂಡಲ್ ಅನ್ನೋ ಎಲ್‌ಎಂಎಸ್‌ನಲ್ಲಿ ಕ್ವಿಜ್ ರಿಪೋರ್ಟ್ ಒಳಗೇ ಈ ಅಂಕಿಗಳೆಲ್ಲ ಸಿಗುತ್ವೆ.

ಹಾಂ, ಪ್ರಶ್ನೆಗಳನ್ನ ವರ್ಡ್ ಫೈಲಲ್ಲಿ ಇಡ್ಬೇಡಿ. ಕ್ಯೂಟಿಐ ಅಂತ ಪ್ರಶ್ನೆಗಳಿಗೇ ಇರೋ ಸ್ಟ್ಯಾಂಡರ್ಡ್ ಒಂದಿದೆ, ಅದರಲ್ಲಿ ಎಕ್ಸ್‌ಪೋರ್ಟ್ ಆಗೋ ಥರ ಇಟ್ಕೊಂಡ್ರೆ ನಾಳೆ ಸಿಸ್ಟಂ ಬದಲಾದಾಗ ಇನ್ನೂರನ್ನೂ ಕೂತು ಕಾಪಿ ಪೇಸ್ಟ್ ಮಾಡೋದು ತಪ್ಪುತ್ತೆ. ಎರಡು ಸಿಸ್ಟಂ ನಡುವೆ ವರ್ಶನ್ ಬೇರೆ ಇದ್ರೆ ಅಲ್ಲಲ್ಲಿ ಕಿತ್ಕೊಳ್ಳುತ್ತೆ, ಐದು ಪ್ರಶ್ನೆ ಹಾಕಿ ಟೆಸ್ಟ್ ಮಾಡಿ ಆಮೇಲೆ ಮುಂದುವರೀರಿ.

ಪ್ರಶ್ನೆ: ನಮ್ಮ ಎಲ್‌ಎಂಎಸ್ ಒಳಗೆ ಎಐ ಟ್ಯೂಟರ್ ಸೇರಿಸ್ಬೇಕು ಅಂತಿದೀವಿ. ವಿದ್ಯಾರ್ಥಿಗಳ ಹೆಸರು, ಇಮೇಲ್ ಎಲ್ಲಾ ಒಂದು ಎಕ್ಸೆಲ್ ಮಾಡಿ ಕಳಿಸಿ, ಅಕೌಂಟ್ ಮಾಡ್ಕೊಡ್ತೀವಿ ಅಂತಾರೆ ಅವರು. ಕಳಿಸ್ಬಹುದಾ?

ಉತ್ತರ: ದಯವಿಟ್ಟು ಬೇಡ. ಎಲ್‌ಟಿಐ 1.3 ಸಪೋರ್ಟ್ ಇದೆಯಾ ಅಂತ ಕೇಳಿ. ಹಿಂದೆ ಐಎಂಎಸ್ ಗ್ಲೋಬಲ್ ಅಂತಿದ್ದು 2022ರಿಂದ ವನ್‌ಎಡ್‌ಟೆಕ್ ಆಗಿರೋ ಸಂಸ್ಥೆಯ ಸ್ಟ್ಯಾಂಡರ್ಡ್ ಇದು, ವಿದ್ಯಾರ್ಥಿ ಎಲ್‌ಎಂಎಸ್‌ನಲ್ಲಿ ಲಾಗಿನ್ ಆಗಿದ್ರೆ ಸಾಕು, ಟ್ಯೂಟರ್ ಲಿಂಕ್ ಒತ್ತಿದ ತಕ್ಷಣ ಒಳಗೆ ಹೋಗ್ತಾರೆ, ಬೇರೆ ಪಾಸ್‌ವರ್ಡ್ ಇಲ್ಲ. ಹೆಸರು, ಇಮೇಲ್ ಕಳಿಸೋದು ಬಿಡೋದು ನಿಮ್ಮ ಕೈಲಿರುತ್ತೆ, ಬರೀ ಒಂದು ಐಡಿ ಹೋದ್ರೂ ಟ್ಯೂಟರ್ ಕೆಲಸ ಮಾಡುತ್ತೆ, ಬೇಕಿದ್ರೆ ಮಾರ್ಕ್ಸೂ ವಾಪಸ್ ಬರುತ್ತೆ. ಇನ್ನೊಂದು ಮಾತು, ಮಕ್ಕಳು ಟ್ಯೂಟರ್ ಜೊತೆ ಮಾತಾಡಿದ್ದೆಲ್ಲ ಯಾರ ಹತ್ರ ಉಳಿಯುತ್ತೆ, ಕಾಂಟ್ರ್ಯಾಕ್ಟ್ ಮುಗಿದ ಮೇಲೆ ನಮಗೆ ಯಾವ ಫಾರ್ಮ್ಯಾಟಲ್ಲಿ ಕೊಡ್ತೀರಾ ಅನ್ನೋದನ್ನ ಸೈನ್ ಹಾಕೋ ಮುಂಚೆ ಬರೆಸ್ಕೊಳ್ಳಿ, ಆಮೇಲೆ ಯಾರೂ ಫೋನ್ ಎತ್ತಲ್ಲ.

ಪ್ರಶ್ನೆ: ಹಾಗಾದ್ರೆ ನಮ್ಮ ಹಳೇ ಸ್ಕಾರ್ಮ್ ಕೋರ್ಸುಗಳನ್ನೆಲ್ಲ ಬಿಸಾಕೋದಾ?

ಉತ್ತರ: ಅಯ್ಯೋ ಬೇಡ. ವರ್ಷಕ್ಕೊಂದ್ಸಲ ಓದಿ ಟಿಕ್ ಹಾಕೋ ಕೋರ್ಸಿಗೆ ಅದೇ ಸಾಕು. ಯಾವ ಕೋರ್ಸಲ್ಲಿ ಜನ ನಿಜವಾಗ್ಲೂ ಎಡವ್ತಿದಾರೋ ಅಂಥ ಎರಡು ಮೂರನ್ನ ಮಾತ್ರ ಎಕ್ಸ್‌ಎಪಿಐ, ಸಿಎಂಐ5 ಥರದ ಹೊಸ ಫಾರ್ಮ್ಯಾಟಿಗೆ ತನ್ನಿ, ಸೋರ್ಸ್ ಫೈಲ್, ಅಂದ್ರೆ ಕೋರ್ಸ್ ತಿದ್ದೋಕೆ ಬೇಕಾದ ಮೂಲ ಫೈಲು, ಯಾರ ಹತ್ರ ಇದೆ ಅಂತ ಇವತ್ತೇ ಹುಡುಕಿ. ಜಿಪ್ ಇದ್ದು ಸೋರ್ಸ್ ಇಲ್ಲ ಅಂದ್ರೆ ಒಂದು ಸ್ಪೆಲ್ಲಿಂಗ್ ತಿದ್ದೋದೂ ಕಷ್ಟ.