ಬಿಎಸ್ಸಿ ಸಾಕು, ಆದರೆ ಕೈ ಪಳಗಿರಬೇಕು
ನಮಸ್ಕಾರ. ನಿಮ್ಮ ತಂಗಿ ಶಿರಸಿಯಲ್ಲಿ ಬಿಎಸ್ಸಿ ಕೊನೆಯ ವರ್ಷ, ಬಯೋಟೆಕ್ ಕೆಲಸಕ್ಕೆ ಎಂಎಸ್ಸಿ ಬೇಕೇ ಬೇಕಾ ಅಂತ ಕೇಳಿದ್ದೀರಿ. ಸಂಶೋಧನೆಗಾದರೆ ಬೇಕು. ಉತ್ಪಾದನೆ, ಗುಣಮಟ್ಟ ಪರೀಕ್ಷೆಯ ಕಡೆಗಾದರೆ ಬಿಎಸ್ಸಿಯವರನ್ನೂ ತಗೊಳ್ಳುತ್ತಾರೆ.

ಅಲ್ಲಿ ನೋಡುವುದು ಕೈಕೆಲಸ. ದ್ರವ ಅಳೆದು ಹಾಕುವ ಪಿಪೆಟ್ ಸರಿಯಾಗಿ ಹಿಡಿಯುವುದು, ಹಬೆಯಿಂದ ಸಾಮಾನು ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ನಡೆಸುವುದು, ಜೀವಕೋಶ ಬೆಳೆಸುವ ಪೋಷಕ ಮೀಡಿಯಾಕ್ಕೆ ಬೂಸ್ಟು ಬರದಂತೆ ಲ್ಯಾಮಿನಾರ್ ಫ್ಲೋದಲ್ಲಿ (ಸೋಸಿದ ಗಾಳಿ ಹರಿಯುವ ಮೇಜಿನಲ್ಲಿ) ಕೆಲಸ ಮಾಡುವುದು. ಇನ್ನೊಂದು, ದಾಖಲೆ. ತಪ್ಪು ಬರೆದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಸಣ್ಣ ವಿಷಯ ಅನಿಸುತ್ತೆ, ಅಲ್ವಾ? ಔಷಧ ಕಂಪನಿಯಲ್ಲಿ ಇದೇ ದೊಡ್ಡದು.

ಬಯೋಟೆಕ್ ಕೌಶಲ ಕಲಿಸುವ, ರಾಜ್ಯ ಸರ್ಕಾರದ ಬೈಸೆಪ್ (BiSEP) ಅನ್ನೋ ಪಿಜಿ ಡಿಪ್ಲೊಮಾ ನೋಡಿ. ಕಾಲೇಜಿನ ಪಾಠದ ಜೊತೆ ಕಂಪನಿಯಲ್ಲಿ ಇಂಟರ್ನ್‌ಶಿಪ್ಪೂ ಇರುತ್ತೆ. ಅರ್ಹತೆ ಮೊದಲೇ ವಿಚಾರಿಸಿ. ಪದವೀಧರರಿಗೆ ಕೇಂದ್ರದ ಅಪ್ರೆಂಟಿಸ್ ಯೋಜನೆಯೂ ಇದೆ, ಸ್ಟೈಪೆಂಡ್ ಸಿಗುತ್ತೆ. ಸಮುದ್ರದ ಜೀವಿಗಳಲ್ಲಿ ಆಸಕ್ತಿ ಇದ್ದರೆ ಘಟ್ಟ ಇಳಿದರೆ ಸಾಕು, ಕಾರವಾರದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ.

ಎಲ್ಲೇ ಸೇರಿದರೂ ಸುಮ್ನೆ ಬ್ರೋಷರ್ ನಂಬಬೇಡಿ. ಹೋದ ಬ್ಯಾಚಿನವರು ಯಾವ ಕಂಪನಿಗೆ ಹೋದರು ಅಂತ ಕೇಳಿ, ಒಬ್ಬರ ಹತ್ತಿರ ಮಾತಾಡಿಯೇ ಫೀ ಕಟ್ಟಿ.