ಕಾರಣ ಹುಡುಕುವ ಕೆಲಸ ಮೊದಲು ಬಿಡಿ

ಪ್ಯಾನಿಕ್ ಅಟ್ಯಾಕ್ ಅಂದರೆ ಅಪಾಯವೇನೂ ಇಲ್ಲದಿದ್ದರೂ ದಿಢೀರನೆ ಬರುವ ತೀವ್ರ ಗಾಬರಿ. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಅನುಭವಿಸಿದವರಿಗೆ ಚೆನ್ನಾಗಿ ಗೊತ್ತಿದೆ. ಆದರೆ ಗುಣವಾಗುತ್ತಿರುವವರಿಂದ ಈ ಒಂದು ಪ್ರಶ್ನೆ ಮಾತ್ರ ಬರುತ್ತಲೇ ಇದೆ.

ಪ್ರಶ್ನೆ: ಮಾತ್ರೆ ಶುರು ಮಾಡಿದ ಮೇಲೆ ಮೂರು ತಿಂಗಳು ಆರಾಮಾಗಿದ್ದೆ. ಮೊನ್ನೆ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟಿಸುತ್ತಾ ನಿಂತಿದ್ದಾಗ ಸುಮ್ನೆ ಎದೆ ಡವಡವ, ಬೆರಳು ಜುಮ್ಮಂದವು. ಯಾಕೆ ಹೀಗಾಯಿತು? ಮತ್ತೆ ಮೊದಲಿನ ಹಾಗೇ ಆಗುತ್ತದಾ? (ಸೋಮವಾರಪೇಟೆ)

ಉತ್ತರ: ಹೀಗೊಂದು ಸಲ ಬಂತು ಅಂದ ಮಾತ್ರಕ್ಕೆ ಕಾಯಿಲೆ ಮರಳಿತು ಅಂತಲ್ಲ. ಗುಣವಾಗುವಾಗ ಇಂಥ ದಿನಗಳು ಬರುತ್ತವೆ. ಒಮ್ಮೆ ಆನೆ ನುಗ್ಗಿದ ತೋಟದ ನಾಯಿ ಆಮೇಲೆ ಎಲೆ ಅಲ್ಲಾಡಿದರೂ ಬೊಗಳುತ್ತದೆ, ಅಷ್ಟೇ.

ನಿಮ್ಮ ತೊಂದರೆ ಇರುವುದು ಆ 'ಯಾಕೆ'ಯಲ್ಲಿ. ನಿನ್ನೆ ಏನು ತಿಂದೆ, ಯಾರು ಏನಂದರು ಅಂತ ಲೆಕ್ಕ ಹಾಕುತ್ತಾ ಕೂತರೆ ಗಮನವೆಲ್ಲ ಎದೆಯ ಮೇಲೇ ಇರುತ್ತದೆ. ಆಗ ಬಡಿತ ಜಾಸ್ತಿ ಅನ್ನಿಸುತ್ತದೆ. ಹೆದರಿಕೆಗೆ ಉಸಿರಾಟ ಜೋರಾಗುತ್ತದೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರವಾಗುವುದು ಅದರಿಂದ. ಆಕ್ಸಿಜನ್ ಕಡಿಮೆಯಾಗಿ ಅಲ್ಲ. ಕೋವಿಡ್ ಕಾಲದ ಆಕ್ಸಿಮೀಟರನ್ನು ಇನ್ನೂ ಜೇಬಲ್ಲಿಟ್ಟುಕೊಂಡು ತಿರುಗುವವರಿದ್ದಾರೆ. ದಯವಿಟ್ಟು ಮನೆಯಲ್ಲಿ ಇಡಿ.

ನೋಡಲೇಬೇಕು ಅಂದರೆ ನಾಲ್ಕೇ ವಿಷಯ ನೋಡಿ: ಖಾಲಿ ಹೊಟ್ಟೆಗೆ ಕಾಫಿ, ನಿದ್ದೆಗೆಟ್ಟ ರಾತ್ರಿ, ತಪ್ಪಿದ ಮಾತ್ರೆ, ಹಿಂದಿನ ದಿನದ ಪೆಗ್ಗು. ಯಾವುದೂ ಇಲ್ಲವಾ? ಹುಡುಕಾಟ ಅಲ್ಲಿಗೆ ಮುಗಿಯಿತು.

ಇನ್ನೊಮ್ಮೆ ಬಂದರೆ ಮನೆಗೆ ಓಡಬೇಡಿ. ಓಡಿದರೆ ಮನೆಯೇ ನಿಮ್ಮನ್ನು ಉಳಿಸಿತು ಅಂತ ಮಿದುಳು ನಂಬುತ್ತದೆ, ನಾಳೆ ಗೇಟು ದಾಟಲು ಬಿಡುವುದಿಲ್ಲ. ಫೋನ್ ಎತ್ತಿ ಹಿಡಿದು ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ತೋಟವೆಲ್ಲ ಅಲೆಯುವುದೂ ಅದೇ ಜಾತಿ. ನಿಂತಲ್ಲೇ ನಿಲ್ಲಿ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡಿ. ಕೈಯಲ್ಲಿದ್ದ ಬಳ್ಳಿಯನ್ನು ಕಟ್ಟಿ ಮುಗಿಸಿ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಬೇಗ ಹೋಗಲಿ ಅಂತ ಕಾಯಬೇಡಿ, ಕಾದಷ್ಟೂ ಅದು ಕೂರುತ್ತದೆ. ವಾರಕ್ಕೆ ಮೂರ್ನಾಲ್ಕು ಸಲ ಬಂದರೆ ಅಥವಾ ತೋಟಕ್ಕೆ ಹೋಗುವುದನ್ನೇ ಬಿಟ್ಟಿದ್ದರೆ ವೈದ್ಯರ ಹತ್ತಿರ ಹೋಗಿ. ಸಿಬಿಟಿ ಥೆರಪಿ (ಯೋಚಿಸುವ, ನಡೆದುಕೊಳ್ಳುವ ರೀತಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಬಗ್ಗೆಯೂ ಕೇಳಿ.

ಇಸಿಜಿ, ಥೈರಾಯ್ಡ್ ಪರೀಕ್ಷೆ ಒಮ್ಮೆ ಆಗಿ ಸರಿ ಬಂದಿದ್ದರೆ ಸಮಾಧಾನಕ್ಕೆಂದು ಪದೇ ಪದೇ ಮೈಸೂರಿಗೆ ಹೋಗಬೇಡಿ. ಆದರೆ ಏರು ಹತ್ತುವಾಗ ಎದೆ ಹಿಸುಕಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಎಚ್ಚರ ತಪ್ಪಿದರೆ ಪ್ಯಾನಿಕ್ ಅಂತ ನೀವೇ ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ. ಶುಗರ್, ಬಿಪಿ ಇರುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಪ್ರಶ್ನೆ: ಪೇಪರ್ ಚೀಲದಲ್ಲಿ ಉಸಿರಾಡಬಹುದಾ?
ಬೇಡ. ಬಂದಿರುವುದು ಪ್ಯಾನಿಕ್ ಅಲ್ಲದೆ ಆಸ್ತಮಾನೋ ಹೃದಯದ ತೊಂದರೆಯೋ ಆಗಿದ್ದರೆ ಅಪಾಯ.

ಪ್ರಶ್ನೆ: ಮಲಗುವ ಮುಂಚೆ ಸ್ವಲ್ಪ ಬ್ರಾಂದಿ?
ಮಳೆಗಾಲದಲ್ಲಿ ಕೊಡಗಿನವರಿಗೆ ಇದನ್ನು ಹೇಳಿದರೆ ಬೈಸಿಕೊಳ್ಳುತ್ತೇನೆ. ಆದರೂ ಬೇಡ. ಅಮಲು ಇಳಿದ ಮೇಲೆ ಬೆಳಗಿನ ಜಾವ ಗಾಬರಿ ಬಡ್ಡಿ ಸಮೇತ ಬರುತ್ತದೆ.

ಪ್ರಶ್ನೆ: ನಾಟಿ ವೈದ್ಯರೊಬ್ಬರು 'ನರ ದೌರ್ಬಲ್ಯ' ಅಂತ ಪುಡಿ ಕೊಟ್ಟಿದ್ದಾರೆ.
ಪುಡಿಯಲ್ಲಿ ಏನಿದೆ ಅಂತ ಹೇಳದವರ ಪುಡಿ ನುಂಗಬೇಡಿ. ಪಕ್ಕದ ಮನೆಯವರು ಕೊಡುವ ಆಲ್ಪ್ರಜೋಲಾಂ (ಗಾಬರಿ ತಗ್ಗಿಸುವ ಮಾತ್ರೆ) ಕೂಡ ಬೇಡ, ಚಟ ಹತ್ತುತ್ತದೆ.

ಪ್ರಶ್ನೆ: 2018ರ ಭೂಕುಸಿತದ ನಂತರ ಜೋರು ಮಳೆ ಬಂದರೆ ನಿದ್ದೆಯಿಲ್ಲ. ಇದೂ ಪ್ಯಾನಿಕ್ಕಾ? (ಮಡಿಕೇರಿ)
ಇದಕ್ಕೆ ಕಾರಣ ಕಣ್ಣೆದುರೇ ಇದೆ, ಚಿಕಿತ್ಸೆಯೂ ಸ್ವಲ್ಪ ಬೇರೆ. ಮನೋವೈದ್ಯರನ್ನು ಕಾಣಿ. ಅಲ್ಲಿವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಾಗ ಖಾಲಿ ಮಾಡಿ ಅಂತ ಆಡಳಿತದವರು ಹೇಳಿದ ದಿನ ಮಾತ್ರ 'ನನಗೆ ಸುಮ್ನೆ ಭಯ' ಅಂದುಕೊಂಡು ಕೂರಬೇಡಿ, ಹೊರಡಿ.

ಪ್ರಶ್ನೆ: ಆರಾಮಾಗಿದೆ, ಮಾತ್ರೆ ಬಿಡಲಾ?
ನೀವಾಗಿ ಬಿಡಬೇಡಿ. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸುತ್ತೇವೆ. ಆಮೇಲೆ ನಿಧಾನವಾಗಿ ಇಳಿಸುತ್ತೇವೆ, ಅದೂ ಮನೆಯಲ್ಲಿ ಮದುವೆಯೋ ಕಾಫಿ ಕೊಯ್ಲೋ ಇಲ್ಲದ ಸಮಯ ನೋಡಿ.