777 ಬಿಡಿ, ಗ್ರೂಪ್ ಸರಿಮಾಡಿ

ಪ್ರಶ್ನೆ: ನಮ್ದು ಸಣ್ಣ ಡಿಟಿಪಿ ಆಫೀಸು, ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರಲ್ಲಿ ಎಲ್ರಿಗೂ ಸೇರಿ ಒಂದು ಫೋಲ್ಡರ್ ಇದೆ. ಎಲ್ರನ್ನೂ 'ಪುಟ' ಅನ್ನೋ ಗ್ರೂಪಿಗೆ ಸೇರಿಸಿದೀನಿ, ಆದ್ರೂ ಒಬ್ರು ಮಾಡಿದ ಫೈಲನ್ನ ಇನ್ನೊಬ್ರು ಸೇವ್ ಮಾಡಕ್ಕೆ ಹೋದ್ರೆ ಪರ್ಮಿಶನ್ ಡಿನೈಡ್ ಅನ್ನತ್ತೆ. ದಿನಾ ಬೆಳಿಗ್ಗೆ ಸಿಎಚ್‌ಮಾಡ್ 777 ಹೊಡೀತಿದೀನಿ. ಬೇರೆ ದಾರಿ ಇದ್ಯಾ?
— ಓದುಗರು, ಹಾಸನ

ಉತ್ತರ: ಇದೆ, ಆ 777ನ ಇವತ್ತೇ ನಿಲ್ಸಿ. ಸಿಎಚ್‌ಮಾಡ್ ಅಂದ್ರೆ ಪರ್ಮಿಶನ್ ಬದಲಿಸೋ ಕಮಾಂಡು, ಆ ಮೂರು ಅಂಕಿ ಕ್ರಮವಾಗಿ ಮಾಲೀಕರಿಗೆ, ಗ್ರೂಪಿಗೆ, ಉಳಿದವ್ರಿಗೆ ಕೊಡೋ ಹಕ್ಕು, 7 ಅಂದ್ರೆ ಪೂರ್ತಿ ಹಕ್ಕು. ಅದು ಹಾಕಿದ್ರೆ ಆ ಮಷೀನಲ್ಲಿ ಅಕೌಂಟ್ ಇರೋ ಯಾರಾದ್ರೂ, ಯಾವುದಾದ್ರೂ ಸರ್ವಿಸ್ ಹ್ಯಾಕ್ ಆದ್ರೆ ಅದೂ ಸಹ ನಿಮ್ಮ ಫೈಲ್ ತಿದ್ದಬಹುದು, ಅಳಿಸಬಹುದು. ಇಷ್ಟಾದ್ರೂ ನಾಳೆ ಹುಟ್ಟೋ ಫೈಲಿಗೆ ಅದು ಹತ್ತಲ್ಲ, ಅದಕ್ಕೇ ದಿನಾ ಹೊಡೀಬೇಕಾಗಿರೋದು.

ಡೆಬಿಯನ್‌ನಲ್ಲಿ ಪ್ರತಿ ಯೂಸರ್‌ಗೂ ಅವರ ಹೆಸರಲ್ಲೇ ಒಂದು ಸ್ವಂತ ಗ್ರೂಪ್ ಇರತ್ತೆ, ಅವರು ಮಾಡಿದ ಹೊಸ ಫೈಲ್ ಅದರ ಪಾಲಿಗೇ ಹೋಗತ್ತೆ, 'ಪುಟ'ಕ್ಕಲ್ಲ. ಅದಕ್ಕೆ ಮೊದ್ಲು ಸಿಎಚ್‌ಜಿಆರ್‌ಪಿ ಕಮಾಂಡಿಂದ ಫೋಲ್ಡರನ್ನ ಒಳಗಿರೋದೆಲ್ಲಾ ಸೇರಿಸಿ 'ಪುಟ'ಕ್ಕೆ ಕೊಡಿ, ಆಮೇಲೆ ಫೋಲ್ಡರಿಗೆ ಸಿಎಚ್‌ಮಾಡ್‌ನಿಂದ 2770 ಹಾಕಿ. ಆ 2 ಇದ್ಯಲ್ಲ, ಅದೇ ಸೆಟ್‌ಜಿಐಡಿ, ಅದಿದ್ರೆ ಒಳಗೆ ಹುಟ್ಟೋ ಪ್ರತಿ ಫೈಲೂ ಫೋಲ್ಡರಿನ ಗ್ರೂಪನ್ನೇ ತಗೊಳ್ಳತ್ತೆ, ಹೊಸ ಸಬ್‌ಫೋಲ್ಡರಿಗೂ ಆ ಬಿಟ್ ತಾನಾಗೇ ಬರತ್ತೆ. ಎಲ್‌ಎಸ್ ಮೈನಸ್ ಎಲ್‌ಡಿ ಕೊಟ್ಟು ನೋಡಿ, ಗ್ರೂಪಿನ ಎಕ್ಸ್ ಇರೋ ಕಡೆ ಎಸ್ ಕಾಣ್ಬೇಕು. ಹಳೇ ಸಬ್‌ಫೋಲ್ಡರುಗಳಿಗೆ ಮಾತ್ರ ನೀವೇ ಹಾಕ್ಬೇಕು, ಫೋಲ್ಡರುಗಳಿಗೆ ಅಷ್ಟೇ, ಫೈಲುಗಳಿಗೆ ಬೇಡ. ಹಳೇ ಫೈಲುಗಳಿಗೆ ಗ್ರೂಪ್ ರೈಟ್ ಒಂದು ಸಲ ಕೊಟ್ರೆ ಸಾಕು.

ಇಷ್ಟಕ್ಕೇ ನಿಲ್ಸೋರು ತುಂಬಾ ಜನ, ಆದ್ರೆ ಗ್ರೂಪ್ ಸರಿಯಿದ್ರೂ ರೈಟ್ ಸಿಗದೇ ಇರಬಹುದು. ಟರ್ಮಿನಲಲ್ಲಿ ಯುಮಾಸ್ಕ್ ಅಂತ ಹೊಡೀರಿ (ಹೊಸ ಫೈಲಿಂದ ಯಾವ ಹಕ್ಕು ಕಳೀಬೇಕು ಅನ್ನೋ ಸೆಟಿಂಗ್ ಅದು), 0022 ಬಂದ್ರೆ ಹೊಸ ಫೈಲ್ 644 ಆಗಿ ಹುಟ್ಟತ್ತೆ, ಗ್ರೂಪಿನವ್ರು ಓದಬಹುದು ಅಷ್ಟೇ. ಅದನ್ನ 002 ಮಾಡಿದ್ರೆ 664 ಆಗತ್ತೆ, ಗ್ರೂಪಿನವ್ರು ತಿದ್ದಲೂಬಹುದು. ಹೋಮ್ ಫೋಲ್ಡರಿನ ಫೈಲುಗಳ ಬಗ್ಗೆ ಭಯ ಬೇಡ, ಅವು ಅವರವರ ಸ್ವಂತ ಗ್ರೂಪಲ್ಲೇ ಇರ್ತವೆ. ಒಬ್ಬೊಬ್ಬರ ಯುಮಾಸ್ಕ್ ತಿದ್ದಕ್ಕೆ ಬೇಜಾರಾದ್ರೆ ಸೆಟ್‌ಎಫ್‌ಎಸಿಎಲ್ ಬಳಸಿ ಫೋಲ್ಡರಿಗೇ ಡೀಫಾಲ್ಟ್ ಎಸಿಎಲ್ (ಒಳಗೆ ಹುಟ್ಟೋ ಫೈಲಿಗೆ ತಾನಾಗೇ ಹತ್ತೋ ಹಕ್ಕಿನ ಪಟ್ಟಿ) ಕೊಡಿ, ಅದಿರೋ ಕಡೆ ಯುಮಾಸ್ಕ್ ಲೆಕ್ಕಕ್ಕೇ ಬರಲ್ಲ. ನಿಮ್ಮಂಥ ಆಫೀಸಿಗೆ ನಾನು ಇದನ್ನೇ ಹೇಳ್ತೀನಿ.

ಹೊಸಬ್ರನ್ನ ಗ್ರೂಪಿಗೆ ಯೂಸರ್‌ಮಾಡ್ ಕಮಾಂಡಿಂದ ಸೇರಿಸೋವಾಗ ದೊಡ್ಡ ಜಿ ಜೊತೆ ಸಣ್ಣ ಎ ಇರ್ಲೇಬೇಕು, ಇಲ್ದಿದ್ರೆ ಅವರು ಉಳಿದ ಎಕ್ಸ್ಟ್ರಾ ಗ್ರೂಪುಗಳಿಂದೆಲ್ಲಾ ಆಚೆ ಹೋಗ್ತಾರೆ, ಅಡ್ಮಿನ್ ಹಕ್ಕು ಕೊಡೋ ಸುಡೋ ಗ್ರೂಪಿಂದಾನೂ. ಸೇರಿಸಿದ್ಮೇಲೆ ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗೋಕೆ ಹೇಳಿ. ಮತ್ತೆ ಹೊರಗಿಂದ ಫೈಲ್ ತರೋವಾಗ ಎಂವಿ (ಮೂವ್) ಬೇಡ, ಸಿಪಿ (ಕಾಪಿ) ಮಾಡಿ, ಒಂದೇ ಡಿಸ್ಕಲ್ಲಿ ಮೂವ್ ಮಾಡಿದ್ರೆ ಫೈಲ್ ತನ್ನ ಹಳೇ ಗ್ರೂಪನ್ನೇ ಹೊತ್ಕೊಂಡು ಬರತ್ತೆ.